ಹೊಣೆ ಮತದ ತಲೆಗೆ, ಹೊಲ ತಮ್ಮ ಮನೆಗೆ

ಪ್ರತಿ ವರ್ಷ ಸೆಪ್ಟೆಂಬರ್ 17 ಬಂದಿತೆಂದರೆ ಯಾದಗಿರಿ, ಶಹಾಪುರ, ಸುರಪುರಗಳ ಕಚೇರಿಗಳ ಮುಂದೆ ಧ್ವಜ ಏರುತ್ತದೆ. ವೇದಿಕೆಯ ಮೇಲೆ ಭಾಷಣಗಳಾಗುತ್ತವೆ. ಹಿಂದೆ ಅದಕ್ಕೆ ವಿಮೋಚನಾ ದಿನವೆಂದು ಹೆಸರಿದ್ದಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವು ಕಲ್ಯಾಣ ಕರ್ನಾಟಕವಾದ ಮೇಲೆ ಕಲ್ಯಾಣ ಕರ್ನಾಟಕ ಉತ್ಸವವೆಂದು ಕರೆಯುತ್ತಾರೆ. ಹೆಸರು ಬದಲಾಯಿತೇ ಹೊರತು ಭಾಷಣ ಬದಲಾಗಲಿಲ್ಲ. ಇನ್ನೂರು ಚಿಲ್ಲರೆ ವರ್ಷ ಮುಸಲ್ಮಾನರು ನಮ್ಮನ್ನು ಆಳಿದರು, ಹಿಂಡಿದರು. ನಾವು ಇಂದು ಹಿಂದುಳಿದಿರುವುದಕ್ಕೆ ಅದೇ ಕಾರಣ. ಇಷ್ಟು ಹೇಳಿ ಭಾಷಣಕಾರರು ಕುಳಿತುಕೊಳ್ಳುತ್ತಾರೆ. ಚಪ್ಪಾಳೆಯಾಗುತ್ತದೆ.

ಇನ್ನೊಂದು ಬಗೆಯ ಭಾಷಣವೂ ಉಂಟು. ಅದು ಬಯಲ ವೇದಿಕೆಯಲ್ಲಿ ಆಗುವುದಿಲ್ಲ. ವಿಚಾರ ಸಂಕಿರಣಗಳಲ್ಲಿ, ಮುಷಾಯಿರಾಗಳಲ್ಲಿ ಆಗುತ್ತದೆ. ನಿಜಾಮರ ಕಾಲದಲ್ಲಿ ಎಂಥ ಸೌಹಾರ್ದ! ಹಿಂದೂಗಳೂ ಮುಸಲ್ಮಾನರೂ ದೊರೆಯ ಎರಡು ಕಣ್ಣುಗಳಂತಿದ್ದರು. ಭಾಷೆ ಎಷ್ಟು ನಯ, ನಡತೆ ಎಷ್ಟು ನಾಜೂಕು. ಎಲ್ಲವನ್ನೂ ಕೆಡಿಸಿದ್ದು ಕೊನೆಯ ಎರಡು ವರ್ಷಗಳ ರಜಾಕಾರರ ಹಾವಳಿ ಮಾತ್ರ ಎಂಬುದು ಅದರ ಸಾರಾಂಶ.

ಎರಡೂ ಮಾತು ಸುಳ್ಳು ಎಂಬುದು ನನ್ನ ವಾದ. ಮೊದಲನೆಯದು ಒಡೆಯನ ಹೆಸರನ್ನು ತಪ್ಪಾಗಿ ಹೇಳುತ್ತದೆ. ಎರಡನೆಯದು ಒಡೆಯನೇ ಇರಲಿಲ್ಲವೆನ್ನುತ್ತದೆ. ಇವೆರಡರ ನಡುವೆ ನಿಜವಾದ ಒಡೆಯನು ಸದ್ದಿಲ್ಲದೆ ಮನೆ ಸೇರಿ ಬಾಗಿಲು ಹಾಕಿಕೊಂಡಿದ್ದಾನೆ.

ಈ ಗಂಟನ್ನು ಬಿಡಿಸಲು ವಾಚಕರನ್ನು ತುಸು ದೂರ ಕರೆದೊಯ್ಯಬೇಕಾಗಿದೆ. ದಾರಿ ಮಾತ್ರ ಸುರಪುರದ ಗುಡ್ಡದಿಂದಲೇ ಹೊರಡುತ್ತದೆ. ಆ ಗುಡ್ಡದ ಮೇಲಿನ ಟೇಲರ್ ಮಂಜಿಲ್ ಅನ್ನು ಯಾರು ನೋಡಿಲ್ಲ? ಅದನ್ನು ಕಟ್ಟಿಸಿದ ಫಿಲಿಪ್ ಮೆಡೋಸ್ ಟೇಲರ್ ಹದಿಹರೆಯದಲ್ಲಿ ನಿಜಾಮನ ಸೈನ್ಯ ಸೇರಿದ ಇಂಗ್ಲಿಷ್ ಮನುಷ್ಯ. 1840ರ ದಶಕದ ಮೊದಲಿನಿಂದ 1853ರವರೆಗೆ, ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಹೆಸರಿನಲ್ಲಿ, ಸುರಪುರದ ಆಡಳಿತ ನೋಡಿಕೊಂಡವನು. 1860ರ ಹೊತ್ತಿಗೆ ಮೈಗೆ ನೆಮ್ಮದಿಯಿಲ್ಲದೆ ಹಿಂದಿರುಗಿ ಡಬ್ಲಿನ್ನಿನ ಬಳಿ ಮನೆ ಮಾಡಿದನು. ಅಲ್ಲಿ ಕುಳಿತು ಕಾದಂಬರಿಗಳನ್ನು ಬರೆದನು. ನಮ್ಮ ಸೀಮೆಯ ಹಳೆಯ ಕಲ್ಲುಗೋರಿಗಳ, ನಿಲಿಸುಗಲ್ಲುಗಳ ವಿಷಯವಾಗಿ ಐರ್ಲೆಂಡಿನ ರಾಯಲ್ ಅಕಾಡೆಮಿಗೆ ದೊಡ್ಡದೊಂದು ಪ್ರಬಂಧವನ್ನು ಒಪ್ಪಿಸಿ, ಅವು ಯುರೋಪಿನ ಕೆಲ್ಟರ ಕಲ್ಲುಗಳನ್ನು ಹೋಲುತ್ತವೆಂದು ವಾದಿಸಿದನು. ಆತ ಕಲ್ಲುಗಳನ್ನು ಹೋಲಿಸಿದ. ನಾವು ಒಡೆಯರನ್ನು ಹೋಲಿಸೋಣ.

ಟೇಲರ್ ಹೋಗಿ ನೆಲೆಸಿದ ಐರ್ಲೆಂಡಿನಲ್ಲಿ ಜನಸಂಖ್ಯೆಯ ಬಹುಪಾಲು ರೋಮನ್ ಕ್ಯಾಥೊಲಿಕರು. ಆಳುತ್ತಿದ್ದವರು ಇಂಗ್ಲೆಂಡಿನ ಅರಸರ ಚರ್ಚಿಗೆ ಸೇರಿದ ಪ್ರೊಟೆಸ್ಟಂಟರು, ಹತ್ತರಲ್ಲೊಂದು ಪಾಲಿನಷ್ಟು ಜನ. ತಮ್ಮ ಒಡೆತನಕ್ಕೆ ಅವರು ತಾವೇ ಹೆಮ್ಮೆಯಿಂದ ಒಂದು ಹೆಸರು ಇಟ್ಟುಕೊಂಡಿದ್ದರು. ನಾವು ಅದನ್ನು ಕನ್ನಡದಲ್ಲಿ 'ಮೇಲ್ಗೈ' ಎನ್ನೋಣ. 1792ರಲ್ಲಿ ಡಬ್ಲಿನ್ ನಗರಸಭೆಯು ಈ ಮೇಲ್ಗೈ ಎಂದರೇನೆಂದು ಲಕ್ಷಣ ಹೇಳಿತು: ದೊರೆ, ಪಾರ್ಲಿಮೆಂಟು, ಮತದಾರರು, ನ್ಯಾಯಪೀಠ, ಸೈನ್ಯ, ಕಂದಾಯ ಎಲ್ಲವೂ ಪ್ರೊಟೆಸ್ಟಂಟರದೇ ಆಗಿರತಕ್ಕದ್ದು. ಇಷ್ಟು ನಿಸ್ಸಂಕೋಚವಾಗಿ ಹೇಳುವ ಧೈರ್ಯ ನಮ್ಮ ಕಡೆಯ ಜಾಗೀರದಾರರಿಗೂ ಇರಲಿಲ್ಲ.

ಆದರೆ ಆ ಮೇಲ್ಗೈ ನಿಂತಿದ್ದುದು ಯಾವುದರ ಮೇಲೆ? ಬೈಬಲ್ಲಿನ ಮೇಲೆ ಅಲ್ಲ. 1641ರಲ್ಲಿ ಆ ದೇಶದ ಭೂಮಿಯಲ್ಲಿ ನೂರಕ್ಕೆ ಸುಮಾರು 59 ಪಾಲು ಕ್ಯಾಥೊಲಿಕರ ಕೈಯಲ್ಲಿದ್ದಿತು; 1703ರ ಹೊತ್ತಿಗೆ ಅದು 14ಕ್ಕೆ ಇಳಿಯಿತು. ನಡುವೆ ನಡೆದದ್ದು ಯುದ್ಧ, ಜಪ್ತಿ ಮತ್ತು ದಸ್ತಾವೇಜು. ಅನಂತರ ಬಂದ ಕಾನೂನುಗಳನ್ನು ನೋಡಿರಿ. 1704ರ ಕಾಯಿದೆಯ ಪ್ರಕಾರ ಕ್ಯಾಥೊಲಿಕನ ಆಸ್ತಿ ಅವನ ಎಲ್ಲ ಗಂಡುಮಕ್ಕಳಲ್ಲಿ ಚೂರು ಚೂರಾಗಿ ಹಂಚಿಹೋಗಬೇಕು. ಆದರೆ ಹಿರಿಯ ಮಗನು ಅರಸರ ಚರ್ಚಿಗೆ ಸೇರಿದರೆ ಅಷ್ಟೂ ಅವನೊಬ್ಬನಿಗೇ. ಐದು ಪೌಂಡಿಗೆ ಮೇಲ್ಪಟ್ಟ ಬೆಲೆಯ ಕುದುರೆಯನ್ನು ಕ್ಯಾಥೊಲಿಕನು ಇಟ್ಟುಕೊಳ್ಳುವಂತಿರಲಿಲ್ಲ. 1728ರಲ್ಲಿ ಮತದಾನದ ಹಕ್ಕೂ ಹೋಯಿತು. ಇದರಲ್ಲಿ ಪರಲೋಕದ ಚಿಂತೆ ಎಷ್ಟು, ಹೊಲದ ಚಿಂತೆ ಎಷ್ಟು ಎಂಬುದನ್ನು ವಾಚಕರೇ ತೂಗಿ ನೋಡಬಹುದು.

ಇನ್ನೊಂದು ಸಂಗತಿಯನ್ನು ಸಾಮಾನ್ಯವಾಗಿ ಮರೆಯುತ್ತಾರೆ. ಉತ್ತರದ ಅಲ್‌ಸ್ಟರಿನಲ್ಲಿ ಪ್ರೆಸ್ಬಿಟೇರಿಯನ್ ಪಂಥದ ಸಾವಿರಾರು ಒಕ್ಕಲಿಗರು, ನೇಕಾರರು ಇದ್ದರು. ಅವರೂ ಪ್ರೊಟೆಸ್ಟಂಟರೇ. ಆದರೆ ಅರಸರ ಚರ್ಚಿಗೆ ಸೇರಿದವರಲ್ಲ. ಆದ್ದರಿಂದ 1704ರಿಂದ 1780ರವರೆಗೆ ಸರ್ಕಾರಿ ಅಧಿಕಾರದಿಂದ ಅವರನ್ನು ಹೊರಗಿಟ್ಟಿದ್ದರು. ತಮ್ಮದಲ್ಲದ ಚರ್ಚಿಗೆ ಅವರೂ ದಶಾಂಶ ತೆರುತ್ತಿದ್ದರು. ಮೇಲ್ಗೈ ಎಂಬುದು ಪ್ರೊಟೆಸ್ಟಂಟರೆಲ್ಲರದಾಗಿರಲಿಲ್ಲ, ಕೆಲವು ಮನೆತನಗಳದಾಗಿದ್ದಿತು. ಅಪಾಯ ಬಂದಾಗ ಮಾತ್ರ ಬಡ ಪ್ರೊಟೆಸ್ಟಂಟನನ್ನು ಕರೆದು, "ನೀನೂ ಆಳುವವನೇ" ಎಂದು ಬೆನ್ನು ತಟ್ಟಿ ಮುಂದೆ ನಿಲ್ಲಿಸುತ್ತಿದ್ದರು.

ಈಗ ನಮ್ಮ ಮನೆಗೆ ಬರೋಣ.

1941ರ ಜನಗಣತಿಯಂತೆ ಹೈದರಾಬಾದ್ ಸಂಸ್ಥಾನದ ಜನಸಂಖ್ಯೆ ಸುಮಾರು 1 ಕೋಟಿ 63 ಲಕ್ಷ. ಮುಸಲ್ಮಾನರು 21 ಲಕ್ಷದಷ್ಟು, ಎಂದರೆ ನೂರಕ್ಕೆ ಹದಿಮೂರು ತುಂಬದು. ಕನ್ನಡ, ತೆಲುಗು, ಮರಾಠಿಗಳನ್ನಾಡುವ ಜನರ ಮೇಲೆ ಉರ್ದು ಆಳಿತು. ಮೊದಲು ಪಾರಸಿ ಇದ್ದಿತು. 1880ರ ದಶಕದಲ್ಲಿ ಅದರ ಜಾಗಕ್ಕೆ ಉರ್ದು ಬಂದಿತು. 1918ರಲ್ಲಿ ಉಸ್ಮಾನಿಯಾ ವಿಶ್ವವಿದ್ಯಾಲಯ ಸ್ಥಾಪನೆಯಾದಾಗ ದೇಶಭಾಷೆಯಲ್ಲಿ ಉಚ್ಚಶಿಕ್ಷಣವೆಂದು ದೇಶವೆಲ್ಲ ಕೊಂಡಾಡಿತು. ಕೊಂಡಾಡಲಿ, ಆದರೆ ಅದು ಯಾವ ದೇಶದ ಭಾಷೆ? ಯಾದಗಿರಿಯ ರೈತನ ಮಗನಿಗೆ ಉರ್ದು ಇಂಗ್ಲಿಷಿನಷ್ಟೇ ಪರಭಾಷೆ. ಅವನು ತನ್ನ ಭಾಷೆಯಲ್ಲಿ ನಾಲ್ಕಕ್ಷರ ಕಲಿಯಬೇಕೆಂದರೆ ಶಾಲೆ ಇಲ್ಲ; ಊರವರೇ ಖಾಸಗಿ ಶಾಲೆ ತೆರೆಯಬೇಕೆಂದರೆ ಸರ್ಕಾರದ ಅಪ್ಪಣೆ ಬೇಕು. 1931ರ ಜನಗಣತಿಯಲ್ಲಿ ಸಂಸ್ಥಾನದ ಅಕ್ಷರಸ್ಥರು ನೂರಕ್ಕೆ ಐದರ ಆಸುಪಾಸು. ಸಭೆ ಸೇರಬೇಕೆಂದರೆ ಗಸ್ತಿ ನಂಬರು 53 ಅಡ್ಡ ಬರುತ್ತಿತ್ತು. ಮುಂಚಿತವಾಗಿ ಪರವಾನಗಿ ಪಡೆಯದೆ ಸಾಹಿತ್ಯದ ಸಭೆಯನ್ನೂ ನಡೆಸುವಂತಿರಲಿಲ್ಲ. 1938ರಲ್ಲಿ ಸ್ಟೇಟ್ ಕಾಂಗ್ರೆಸ್ಸು ಹುಟ್ಟುವ ಮೊದಲೇ ಅದನ್ನು ನಿಷೇಧಿಸಿದರು. 1939ರಲ್ಲಿ ಸುಧಾರಣೆಯೆಂದು ಪ್ರಕಟಿಸಿದ ಯೋಜನೆಯಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚಿನವರಿಗೂ ಹದಿಮೂರು ತುಂಬದವರಿಗೂ ಶಾಸನಸಭೆಯಲ್ಲಿ ಸಮಸಮ ಸ್ಥಾನ!

ಆದ್ದರಿಂದ ಸೌಹಾರ್ದದ ರಾಗ ಹಾಡುವ ಮಹನೀಯರಿಗೆ ನಾನು ಮೊದಲು ಹೇಳಬೇಕಾದುದು ಇದು: ಮೇಲ್ಗೈ ಇದ್ದಿತು. ಅದು ಕಟ್ಟುಕಥೆಯಲ್ಲ. ಕಚೇರಿಯ ಮೆಟ್ಟಿಲ ಬಳಿ ತನ್ನ ಅರ್ಜಿಯಲ್ಲಿ ಏನು ಬರೆದಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತಿದ ಮನುಷ್ಯನಿಗೆ ಗಜಲಿನ ಸೊಗಸನ್ನು ವರ್ಣಿಸುವುದು ಕ್ರೂರವಾದೀತು. ನಮ್ಮಲ್ಲಿ ಸೌಹಾರ್ದ ಇದ್ದುದು ನಿಜ. ಅದು ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿದ್ದಿತು, ಊರೂರ ಅಲಾಯಿ ಕುಣಿಯ ಸುತ್ತ ಇದ್ದಿತು, ಕಲಬುರಗಿಯ ಬಂದೇನವಾಜರ ಉರುಸಿನಲ್ಲಿದ್ದಿತು. ಅದನ್ನು ಕಟ್ಟಿದವರು ಜನ. ಜನರ ಗಳಿಕೆಯನ್ನು ಒಯ್ದು ನಿಜಾಮನ ಖಾತೆಗೆ ಜಮಾ ಮಾಡುವುದು ಯಾವ ನ್ಯಾಯ?

ಇನ್ನು ಮೊದಲನೆಯ ಪಕ್ಷದವರ ಕಡೆಗೆ ತಿರುಗುತ್ತೇನೆ. ಇಂದು ಗಂಟಲು ದೊಡ್ಡದಿರುವುದು ಅವರದೇ.

ನಿಜಾಮನ ಗಾದಿಗೆ ಕಾವಲು ಯಾರು? ಮುಸಲ್ಮಾನ ಜನತೆಯಲ್ಲ, ಇಂಗ್ಲಿಷರ ಪಲ್ಟನ್ನು. 1798 ಮತ್ತು 1800ರ ಒಪ್ಪಂದಗಳಾದ ಮೇಲೆ ಆ ಗಾದಿಯನ್ನು ಒಳಗಿನಿಂದ ಯಾರೂ ಅಲುಗಿಸುವಂತಿರಲಿಲ್ಲ. ಐರ್ಲೆಂಡಿನ ಭೂಮಾಲಿಕನ ಬೆನ್ನಿಗಿದ್ದ ಸೈನ್ಯವೇ ಇಲ್ಲಿಯೂ ಇದ್ದಿತು. ಸುರಪುರದ ಕಥೆಯನ್ನೇ ತೆಗೆದುಕೊಳ್ಳಿರಿ. ನಾಯಕರ ಮನೆತನ ಸಾಮಾನ್ಯದ್ದಲ್ಲ. 1705ರಲ್ಲಿ ವಾಗಣಗೇರಿಯ ಕೋಟೆಯ ಮುಂದೆ ಔರಂಗಜೇಬನನ್ನೇ ತಿಂಗಳುಗಟ್ಟಲೆ ನಿಲ್ಲಿಸಿಕೊಂಡ ಬೇಡರ ಮನೆತನ. ಅದನ್ನು ಮುಳುಗಿಸಿದ್ದು ಯಾವ ಧರ್ಮಯುದ್ಧವೂ ಅಲ್ಲ. ಹೈದರಾಬಾದಿನ ನಜರಾಣೆಯ ಬೇಡಿಕೆ ಮತ್ತು ಅದರಿಂದ ಬೆಳೆದ ಸಾಲ. ಆ ಕಾಲದಲ್ಲಿ ಹೈದರಾಬಾದಿನ ಹಣಕಾಸನ್ನೆಲ್ಲ ಕೈಯಲ್ಲಿಟ್ಟುಕೊಂಡಿದ್ದವನು ರಾಜಾ ಚಂದೂಲಾಲ್, ಎಂದರೆ ಒಬ್ಬ ಹಿಂದೂ. ಮುಸಲ್ಮಾನ ನಿಜಾಮನ ಹಿಂದೂ ಮಂತ್ರಿಯು ಹಿಂದೂ ಬೇಡ ರಾಜನಿಂದ ಹಣ ಹಿಂಡುತ್ತಾನೆ, ಇಂಗ್ಲಿಷ್ ರೆಸಿಡೆಂಟನು ನೋಡುತ್ತಿರುತ್ತಾನೆ. ಇದರಲ್ಲಿ ಮತವನ್ನು ಹುಡುಕುವವರಿಗೆ ದೀಪ ಹಿಡಿಯಲು ನಾನು ಸಿದ್ಧ.

1858ರಲ್ಲಿ ವೆಂಕಟಪ್ಪ ನಾಯಕ ಇಂಗ್ಲಿಷರ ವಿರುದ್ಧ ಎದ್ದನು, ಸಿಕ್ಕಿಬಿದ್ದನು, ಸೆರೆಗೆ ಒಯ್ಯುವಾಗ ದಾರಿಯಲ್ಲಿ ಗುಂಡಿನಿಂದ ಸತ್ತನು. ಅವನ ಸಂಸ್ಥಾನವನ್ನು ಇಂಗ್ಲಿಷರು 1860ರಲ್ಲಿ ನಿಜಾಮನಿಗೆ ಕೊಟ್ಟರು. 1857ರ ದಂಗೆಯಲ್ಲಿ ತಮ್ಮ ಕಡೆ ನಿಂತುದಕ್ಕೆ ಅದು ಬಹುಮಾನ. ಅಂದಮೇಲೆ ಸುರಪುರ ಸೀಮೆ ನೇರವಾಗಿ ನಿಜಾಮನ ಕೈಗೆ ಬಿದ್ದುದು ಯಾವ ಮತದ ಕತ್ತಿಯಿಂದ? ಕಲ್ಕತ್ತೆಯ ಕಾಗದದಿಂದ.

ಗಾದಿಯ ಕೆಳಗೆ ಯಾರಿದ್ದರು? ಸಂಸ್ಥಾನದ ನೆಲದಲ್ಲಿ ಸುಮಾರು ಹತ್ತನೆಯ ಒಂದು ಪಾಲು ನಿಜಾಮನ ಸ್ವಂತದ ಸರ್ಫ್-ಎ-ಖಾಸ್. ಮತ್ತೆ ಹತ್ತಿರ ಹತ್ತಿರ ಮೂರು ಪಾಲು ಪಾಯಗಾ, ಜಾಗೀರು, ಸಂಸ್ಥಾನಗಳು. ಆಳಂದ, ಚಿಟಗುಪ್ಪಾಗಳು ಪಾಯಗಾದವು. ಕೊಪ್ಪಳ ಸಾಲಾರ್ ಜಂಗನ ಮನೆತನದ ಜಾಗೀರು. ಬಸವಣ್ಣನವರ ಕಲ್ಯಾಣಕ್ಕೂ ಒಬ್ಬ ನವಾಬ. ಇವರೆಲ್ಲ ಮುಸಲ್ಮಾನರು, ಒಪ್ಪಿದೆ. ಆದರೆ ಗದ್ವಾಲ, ಗುರುಗುಂಟಾ, ಆನೆಗುಂದಿಗಳ ಒಡೆಯರು? ಸಂಸ್ಥಾನದ ಪ್ರಧಾನಮಂತ್ರಿಯಾಗಿ 1902ರಿಂದ ಹತ್ತು ವರ್ಷ, ಕೌನ್ಸಿಲಿನ ಅಧ್ಯಕ್ಷನಾಗಿ 1926ರಿಂದ 1937ರವರೆಗೆ ಕುಳಿತ ಮಹಾರಾಜಾ ಕಿಷನ್ ಪರ್ಷಾದ್? ದರ್ಬಾರಿನಲ್ಲಿ ಉರ್ದು ಬರಬೇಕು, ಶೇರ್ವಾನಿ ಒಪ್ಪಬೇಕು, ನಜರ್ ಸಲ್ಲಬೇಕು; ಅಷ್ಟಾದರೆ ಕುಲದೇವರು ಯಾರೆಂದು ಕೇಳುವವರಿರಲಿಲ್ಲ. ಮುಸಲ್ಮಾನರಿಗೆ ಆ ಬಾಗಿಲು ಅಗಲವಾಗಿ ತೆರೆದಿತ್ತು, ಹಿಂದೂಗಳಿಗೆ ಕಿಂಡಿಯಷ್ಟು. ಆದರೆ ಕಿಂಡಿಯಲ್ಲಿ ನುಸುಳಿದವರು ಹೊರಗೆ ನಿಂತ ತಮ್ಮವರಿಗಾಗಿ ಬಾಗಿಲು ಒಡೆದ ಉದಾಹರಣೆ ಎಷ್ಟಿದೆ?

ಇನ್ನೂ ಕೆಳಗೆ ಇಳಿಯೋಣ. ಯಾದಗಿರಿಯ ಮಗ್ಗುಲಿನ ಮುದನಾಳದಂಥ ಹಳ್ಳಿಯಿಂದ ನೋಡಿದರೆ ಹೈದರಾಬಾದಿನ ಗಾದಿ ಬಹಳ ದೂರದ ಮಾತು. ಅಂಥ ಹಳ್ಳಿಗಳ ರೈತನಿಗೆ ನಿಜಾಮನ ಮುಖ ಕಂಡುದು ಹಾಲಿ ಸಿಕ್ಕಾದ ವ್ಯವಹಾರದಲ್ಲಿ ಮಾತ್ರ. ಅದರಲ್ಲಿಯೂ ಇದ್ದುದು ಮುಖವಲ್ಲ, ಚಾರಮಿನಾರಿನ ಚಿತ್ರ. ಅವನಿಗೆ ಕಂಡ ಸರ್ಕಾರವೆಂದರೆ ಮಾಲಿಪಾಟೀಲ, ಪೊಲೀಸ್ ಪಾಟೀಲ, ಪಟವಾರಿ. ಅವರ ಮೇಲೆ ದೇಶಮುಖ, ದೇಶಪಾಂಡೆ. ಈ ವತನುಗಳು ತಂದೆಯಿಂದ ಮಗನಿಗೆ ಬರುತ್ತಿದ್ದವು. ಅವು ಬಹುತೇಕ ಹಿಂದೂಗಳ, ಅದರಲ್ಲಿಯೂ ಮೇಲಿನ ಮೂರು-ನಾಲ್ಕು ಜಾತಿಗಳ ಮನೆಗಳಲ್ಲಿದ್ದವು. ಯಾವ ಹೊಲ ಯಾರ ಹೆಸರಿಗೆ ಏರಬೇಕು, ಯಾವುದು ಬಂಜರು, ಯಾವುದು ಸಾಗುವಳಿ, ಯಾರು ಪಟ್ಟೇದಾರ, ಯಾರು ಬರಿಯ ಶಿಕ್ಮಿದಾರ ಎಂಬುದನ್ನು ಬರೆಯುವ ಲೇಖಣಿ ಅವರದು. ಸಾಲಾರ್ ಜಂಗನು ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಗುತ್ತಿಗೆಯ ಕಂದಾಯವನ್ನು ತೆಗೆದು ಜಿಲ್ಲೆ, ತಾಲೂಕುಗಳ ಆಡಳಿತವನ್ನು ತಂದಾಗ ದೇಶಮುಖರಿಗೆ ವಸೂಲಿಯ ಕೆಲಸ ಹೋಯಿತು, ರಸೂಮು ಉಳಿಯಿತು. ಮೋಜಣಿ ಬಂದಾಗ ಒಳ್ಳೆಯ ನೆಲವೂ ಹಲವರ ಹೆಸರಿಗೆ ಬಂದಿತು. ತೆಲಂಗಾಣದ ವಿಸ್ನೂರಿನ ದೇಶಮುಖನೊಬ್ಬನ ಕೈಯಲ್ಲಿ ಸುಮಾರು ನಲವತ್ತು ಸಾವಿರ ಎಕರೆ ಇದ್ದಿತೆನ್ನುತ್ತಾರೆ. ಅವನು ಯಾವ ಮಸೀದಿಗೆ ಹೋಗುತ್ತಿದ್ದನು?

ಬಿಟ್ಟಿ ಬೇಗಾರಿಯ ಮಾತಂತೂ ಕೇಳುವುದೇ ಬೇಡ. ಸಾಹೇಬರ ಸವಾರಿ ಬಂದರೆ ಹೊರೆ ಹೊರುವವನು ಹೊಲೆಯ, ಮಾದಿಗ. ಸಾಹೇಬರು ಯಾವ ಮತದವರಾದರೂ ಹೊರೆಯ ಭಾರ ಒಂದೇ. ಸಾಲ ತೀರಿಸಲು ತಲೆತಲಾಂತರ ದುಡಿಯುವ ಭಾಗೇಲಾ ಜೀತಕ್ಕೆ 1936ರಲ್ಲಿ ಕಾನೂನಿನ ಕಡಿವಾಣ ಹಾಕಿದರು. ಜೀತ ಇಟ್ಟುಕೊಂಡವರ ಅಂಗಳ ತುಳಿಯಲು ಆ ಕಾನೂನಿಗೆ ಕಾಲು ಬರಲಿಲ್ಲ. ದಲಿತರ ನಾಯಕ ಬಿ. ಶ್ಯಾಮಸುಂದರ್ 1948ರಲ್ಲಿ ನಿಜಾಮನ ನಿಯೋಗದೊಡನೆ ವಿಶ್ವಸಂಸ್ಥೆಗೆ ಹೋದುದನ್ನು ದ್ರೋಹವೆಂದು ಬೈಯುವುದು ಸುಲಭ. ಅವರು ಮಾಡಿದ್ದು ಸರಿಯೆಂದು ನಾನೂ ಹೇಳಲಾರೆ. ಆದರೆ ಹೊರೆ ಹೊತ್ತವರಿಗೆ ಒಡೆಯನೆಂದರೆ ಮೊದಲು ಯಾರು ಕಣ್ಣಿಗೆ ಬರುತ್ತಿದ್ದರೆಂಬುದನ್ನು ಆ ಒಂದು ಪಯಣ ತೋರಿಸುತ್ತದೆ. ಅದೇ ಶ್ಯಾಮಸುಂದರ್ 1968ರಲ್ಲಿ ಕಲಬುರಗಿಯಲ್ಲಿ ಭೀಮಸೇನೆ ಕಟ್ಟಬೇಕಾಯಿತು. ನಿಜಾಮನು ಗಾದಿಯಿಂದ ಇಳಿದು ಆಗ ಇಪ್ಪತ್ತು ವರ್ಷ.

ಹಾಗಾದರೆ ಆಳುವ ಮತದ ಬಡವನ ಗತಿಯೇನು? ನಮ್ಮ ಹಳ್ಳಿಗಳ ಮುಸಲ್ಮಾನ ಯಾರು? ಹತ್ತಿ ಹಿಂಜುವ ಪಿಂಜಾರ, ಜಟಕಾ ಹೊಡೆಯುವವನು, ಕಸಾಯಿ, ಕೂಲಿ. ಹೆಚ್ಚೆಂದರೆ ಕಚೇರಿಯ ಜವಾನ, ಪೊಲೀಸಿನ ಪೇದೆ. ಅವನಿಗೆ ಜಾಗೀರೂ ಇಲ್ಲ, ಇನಾಮೂ ಇಲ್ಲ. ಮನೆಯಲ್ಲಿ ಆಡುವ ದಖ್ಖನಿಯನ್ನು ಕೇಳಿ ನಗರದ ದೊಡ್ಡ ಜನ ನಗುತ್ತಿದ್ದರು. ಅವನಿಗೆ 1938ರ ಅನಂತರ ಇತ್ತೆಹಾದುಲ್ ಮುಸಲ್ಮೀನ್ ಒಂದು ಅದ್ಭುತವಾದ ಕಾಣಿಕೆ ಕೊಟ್ಟಿತು. ಅದು ನೆಲವಲ್ಲ, ಒಂದು ಘೋಷಣೆ: 'ಅನಲ್ ಮಲಿಕ್', ನಾನೇ ದೊರೆ. ಸಂಸ್ಥಾನದ ಪ್ರಭುತ್ವ ನಿಜಾಮನೊಬ್ಬನದಲ್ಲ, ಪ್ರತಿಯೊಬ್ಬ ಮುಸಲ್ಮಾನನೂ ಅದರ ಪಾಲುದಾರ ಎಂದು ಬಹಾದೂರ್ ಯಾರ್ ಜಂಗ್ ಸಾರಿದರು. ಅಲ್‌ಸ್ಟರಿನ ನೇಕಾರನ ಬೆನ್ನು ತಟ್ಟಿದ ಕೈ ಇದೇ ಅಲ್ಲವೇ? ಬಹಾದೂರ್ ಯಾರ್ ಜಂಗರು ತಮ್ಮ ಜಾಗೀರನ್ನಾದರೂ ಬಿಟ್ಟುಕೊಟ್ಟ ಮನುಷ್ಯ, 1944ರಲ್ಲಿ ತೀರಿಕೊಂಡರು. ಅವರ ಘೋಷಣೆ ಕಾಸಿಂ ರಜ್ವಿಯ ಕೈಗೆ ಬಿದ್ದು ಬಂದೂಕಾಯಿತು. ದೊರೆತನದ ಪಾಲು ಕೊಡುತ್ತೇವೆಂದವರು ಹೊಲದ ಪಾಲಿನ ಮಾತನ್ನು ಎತ್ತಲಿಲ್ಲವೆಂಬುದನ್ನು ಗಮನಿಸಬೇಕು.

ರಜಾಕಾರರು ಮಾಡಿದ್ದನ್ನು ನಾನು ಒಂದು ಗುಲಗುಂಜಿಯಷ್ಟೂ ಹಗುರ ಮಾಡುವುದಿಲ್ಲ. ಬೀದರ ಜಿಲ್ಲೆಯ ಗೋರಟಾದ ಹೆಸರು ಕೇಳಿದರೆ ಇಂದಿಗೂ ಮೈ ನಡುಗುತ್ತದೆ. ಆದರೆ ಅವರು ಕೊಂದವರ ಪಟ್ಟಿಯಲ್ಲಿ ಶೋಯೆಬುಲ್ಲಾ ಖಾನ್ ಎಂಬ ಹೆಸರೂ ಇದೆ. 'ಇಮ್ರೋಜ್' ಎಂಬ ಉರ್ದು ಪತ್ರಿಕೆಯ ಸಂಪಾದಕ. ಹೈದರಾಬಾದು ಭಾರತಕ್ಕೆ ಸೇರಬೇಕೆಂದು ಬರೆದ ತಪ್ಪಿಗೆ 1948ರ ಆಗಸ್ಟಿನಲ್ಲಿ ನಡುಬೀದಿಯಲ್ಲಿ ಗುಂಡು ಹಾಕಿದರು, ಬರೆದ ಕೈಯನ್ನು ಕತ್ತರಿಸಿದರು. ಜಾಗೀರದಾರರ ವಿರುದ್ಧ ರೈತರ ಪರವಾಗಿ ನಿಂತ ಕವಿ ಮಖ್ದೂಮ್ ಮೊಹಿಯುದ್ದೀನ್ ಯಾವ ಮತದವರು? ಸೆಪ್ಟೆಂಬರ್ 17ರ ವೇದಿಕೆಯಲ್ಲಿ ಈ ಎರಡು ಹೆಸರುಗಳು ಏಕೆ ಅಪರೂಪ? ಅವು ಬಂದರೆ ಕಥೆ ಕೆಡುತ್ತದೆ.

ಕಥೆ ಕೆಡಿಸುವ ಇನ್ನೊಂದು ಕಾಗದವಿದೆ. 1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂದಿತು. ಐದು ದಿನಗಳಲ್ಲಿ ನಿಜಾಮ ಶರಣಾದನು. ಅನಂತರದ ವಾರಗಳಲ್ಲಿ ಏನಾಯಿತೆಂದು ತಿಳಿಯಲು ಕೇಂದ್ರ ಸರ್ಕಾರವೇ ಪಂಡಿತ ಸುಂದರಲಾಲರ ತಂಡವನ್ನು ಕಳಿಸಿತು. ಸತ್ತವರು 27 ಸಾವಿರದಿಂದ 40 ಸಾವಿರವೆಂದು ಅದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳೆಂದು ಹೆಸರಿಸಿದ್ದು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ. ಗುಲ್ಬರ್ಗಾ ಎಂದರೆ ಆಗ ನಮ್ಮ ಯಾದಗಿರಿ, ಶಹಾಪುರ, ಸುರಪುರಗಳೂ ಸೇರಿ. ಆ ವರದಿಯನ್ನು ದಶಕಗಳ ಕಾಲ ಜನರ ಕಣ್ಣಿಗೆ ಬೀಳದಂತೆ ಇಟ್ಟಿದ್ದರು. ಸತ್ತವರಲ್ಲಿ ಪಾಯಗಾದ ನವಾಬರು ಎಷ್ಟು ಜನರಿದ್ದಾರು? ಪಿಂಜಾರನನ್ನು ದೊರೆಯೆಂದು ನಂಬಿಸಿದವರು ನಗರದ ದೇವಡಿಗಳಲ್ಲಿ ಸುರಕ್ಷಿತವಾಗಿದ್ದರು; ದೊರೆತನದ ಬೆಲೆಯನ್ನು ಪಿಂಜಾರನು ತೆತ್ತನು. ಗಾದಿಯ ಮೇಲೆ ಕುಳಿತಿದ್ದ ಉಸ್ಮಾನ್ ಅಲಿ ಖಾನನಿಗಾದರೂ ಏನಾಯಿತು? 1950ರ ಜನವರಿಯಿಂದ 1956ರ ಅಕ್ಟೋಬರ್ ಕೊನೆಯವರೆಗೆ ಅವನು ಸ್ವತಂತ್ರ ಭಾರತದ ರಾಜಪ್ರಮುಖ. ವರ್ಷಕ್ಕೆ ಐವತ್ತು ಲಕ್ಷ ರಾಜಧನ; ಸರ್ಫ್-ಎ-ಖಾಸ್ ಬಿಟ್ಟುಕೊಟ್ಟುದಕ್ಕೆ ಬೇರೆ ಇಪ್ಪತ್ತೈದು ಲಕ್ಷ.

ಇಲ್ಲಿ ಐರ್ಲೆಂಡು ಮತ್ತೆ ನೆನಪಾಗುತ್ತದೆ. ಅಲ್ಲಿಯ ಮೇಲ್ಗೈ ಮುರಿದುದು ಒಂದೇ ಏಟಿಗಲ್ಲ. 1829ರಲ್ಲಿ ಕ್ಯಾಥೊಲಿಕರು ಪಾರ್ಲಿಮೆಂಟಿನಲ್ಲಿ ಕುಳಿತುಕೊಳ್ಳುವ ಹಕ್ಕು ಪಡೆದರು. 1869ರ ಕಾಯಿದೆ ಅರಸರ ಚರ್ಚಿನ ಸರ್ಕಾರಿ ಪದವಿಯನ್ನು ಕಿತ್ತಿತು. ಆದರೂ ಮೇಲ್ಗೈ ಹೋಗಲಿಲ್ಲ. ನೆಲವಿನ್ನೂ ಅವರ ಕೈಯಲ್ಲೇ ಇದ್ದಿತು. ರೈತರು ದಶಕಗಟ್ಟಲೆ ಹೋರಾಡಿದ ಮೇಲೆ ಬಂದ ಭೂಕಾಯಿದೆಗಳು, ಅದರಲ್ಲಿಯೂ 1903ರ ಕಾಯಿದೆ, ಸರ್ಕಾರದ ಸಾಲದಿಂದ ಒಕ್ಕಲು ತನ್ನ ಹೊಲವನ್ನು ತಾನೇ ಕೊಳ್ಳುವಂತೆ ಮಾಡಿದವು. ಆಗ ಮೇಲ್ಗೈಯ ಬೇರು ಒಣಗಿತು. ದೊಡ್ಡ ದೊಡ್ಡ ಮನೆಗಳು ಪಾಳು ಬಿದ್ದವು.

ನಮ್ಮಲ್ಲಿ? 1949ರ ಆಗಸ್ಟ್ 15ರಂದು ಜಾಗೀರುಗಳು ರದ್ದಾದವು. ದೊಡ್ಡ ಕೆಲಸ, ಸಂಶಯವಿಲ್ಲ. 1950ರಲ್ಲಿ ಗೇಣಿದಾರರ ಕಾಯಿದೆ ಬಂದಿತು. ಆದರೆ ಜಾಗೀರು ರದ್ದಾದರೆ ನವಾಬನ ವಸೂಲಿಯ ಹಕ್ಕು ಹೋಯಿತು, ಪಟ್ಟಾ ಯಾರ ಹೆಸರಿಗಿದ್ದಿತೋ ಅವರಿಗೇ ಉಳಿಯಿತು. ಪಟ್ಟಾ ಬರೆದ ಲೇಖಣಿ ಯಾರ ಮನೆಯಲ್ಲಿದ್ದಿತೆಂದು ಮೇಲೆಯೇ ಹೇಳಿದ್ದೇನೆ. ನಾಳೆ ಕಾಯಿದೆ ಬರುತ್ತದೆಂದು ಇಂದೇ ತಿಳಿಯುವ ಅನುಕೂಲವೂ ಆ ಮನೆಗಳಿಗೇ ಇದ್ದಿತು. 1956ರಲ್ಲಿ ಕರ್ನಾಟಕ ಒಂದಾಯಿತು; 1974ರಲ್ಲಿ ದೇವರಾಜ ಅರಸರ ಭೂಸುಧಾರಣೆ ಬಂದಿತು. ಕರಾವಳಿಯಲ್ಲಿ ಅದು ಮನೆಮನೆಯ ಬದುಕನ್ನು ಬದಲಿಸಿತು. ನಮ್ಮ ಸೀಮೆಯಲ್ಲಿ ಅದರ ಕೈ ಅಷ್ಟು ಬಲವಾಗಿ ಬೀಳಲಿಲ್ಲ. ಇಲ್ಲಿ ಗೇಣಿಗೆ ಚೀಟಿ ಇರಲಿಲ್ಲ, ಬಾಯಿಮಾತು ಇದ್ದಿತು. ಜೀತದವನಿಗೆ ಬಾಯಿಮಾತೂ ಇರಲಿಲ್ಲ. ಆಮೇಲೆ ನಾರಾಯಣಪುರದ ಅಣೆಕಟ್ಟಾಗಿ ಸುರಪುರ, ಶಹಾಪುರಗಳಿಗೆ ಕೃಷ್ಣೆಯ ಕಾಲುವೆ ಬಂದಿತು. ನೀರು ಹೊಲಕ್ಕೆ ಹರಿಯುತ್ತದೆ, ಹೊಲವಿಲ್ಲದವನ ಹೊಟ್ಟೆಗಲ್ಲ. ಅವನು ಇಂದಿಗೂ ಹೆಂಡತಿಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿಗೋ ಮುಂಬಯಿಗೋ ಗುಳೆ ಹೋಗುತ್ತಾನೆ.

ಹಿಂದುಳಿದುದಕ್ಕೆ ನಿಜಾಮನೇ ಕಾರಣ ಎನ್ನುವವರು ಒಂದು ಲೆಕ್ಕಕ್ಕೆ ಉತ್ತರ ಕೊಡಬೇಕು. ನಿಜಾಮನ ಆಳ್ವಿಕೆ ಮುಗಿದು 54 ವರ್ಷಗಳಾದ ಮೇಲೆ, 2002ರಲ್ಲಿ, ಡಾ. ನಂಜುಂಡಪ್ಪ ಸಮಿತಿಯು ರಾಜ್ಯದ ಅತ್ಯಂತ ಹಿಂದುಳಿದ 39 ತಾಲೂಕುಗಳನ್ನು ಪಟ್ಟಿ ಮಾಡಿತು. ಅವುಗಳಲ್ಲಿ ಯಾದಗಿರಿ, ಶಹಾಪುರ, ಸುರಪುರ ಮೂರೂ ಇದ್ದವು. 2011ರ ಜನಗಣತಿಯಲ್ಲಿ, ಆಗತಾನೆ ಹುಟ್ಟಿದ ಯಾದಗಿರಿ ಜಿಲ್ಲೆಯ ಸಾಕ್ಷರತೆ ನೂರಕ್ಕೆ 52 ತುಂಬಲಿಲ್ಲ. ಇಡೀ ರಾಜ್ಯದಲ್ಲಿ ಕಟ್ಟಕಡೆಯದು. 2012ರಲ್ಲಿ ಸಂವಿಧಾನಕ್ಕೆ 371 ಜೆ ಎಂಬ ವಿಧಿಯನ್ನು ಸೇರಿಸಿ ನಮಗೆ ಮೀಸಲು ಕೊಡಬೇಕಾಯಿತು. ಈ ಅರುವತ್ತು ಚಿಲ್ಲರೆ ವರ್ಷ ಶಾಲೆ ಕಟ್ಟದವರು, ಮೇಷ್ಟರನ್ನು ಹಾಕದವರು, ಹಾಕಿದ ಮೇಷ್ಟರನ್ನು ವರ್ಗ ಮಾಡಿಸಿದವರು ಯಾರು? ಗಾದಿಯಲ್ಲಿ ಉಸ್ಮಾನ್ ಅಲಿ ಖಾನನಂತೂ ಇರಲಿಲ್ಲ. ಕನ್ನಡದಲ್ಲಿ ಭಾಷಣ ಮಾಡಿ, ಕನ್ನಡದಲ್ಲಿ ಮತ ಕೇಳಿ, ಕನ್ನಡದಲ್ಲಿಯೇ ಸಹಿ ಹಾಕಿದವರು ಇದ್ದರು.

ನಿಜಾಮನನ್ನು ಬಯ್ಯಬಾರದೆಂದು ನಾನು ಹೇಳುತ್ತಿಲ್ಲ, ಚೆನ್ನಾಗಿ ಬಯ್ಯಲಿ. ಆದರೆ ಸತ್ತ ನಿಜಾಮನನ್ನು ಬೈಯುವ ನೆಪದಲ್ಲಿ ಬದುಕಿರುವ ಪಿಂಜಾರನ ಕಡೆಗೆ ಬೆರಳು ತಿರುಗುತ್ತದಲ್ಲ, ಅದಕ್ಕೆ ನನ್ನ ವಿರೋಧ. ಆ ಬೆರಳು ಅತ್ತ ತಿರುಗಿದಷ್ಟು ಹೊತ್ತು ಇತ್ತ ಪಹಣಿಯ ಪುಸ್ತಕವನ್ನು ಯಾರೂ ತೆರೆಯುವುದಿಲ್ಲ.

ನನ್ನ ಬೇಡಿಕೆ ಸಣ್ಣದು. ಮುಂದಿನ ಸೆಪ್ಟೆಂಬರ್ 17ರಂದು ಧ್ವಜವೇರಿದ ಮೇಲೆ ಭಾಷಣಗಳನ್ನು ಒಂದು ಗಂಟೆ ತಡೆದು, ತಾಲೂಕು ಕಚೇರಿಯ ದಫ್ತರಖಾನೆಯಿಂದ ಒಂದೊಂದು ಊರಿನ ಹಳೆಯ ಕಾಗದಗಳನ್ನು ಹೊರಗೆ ತರಲಿ. ಯಾವ ಸರ್ವೆ ನಂಬರು 1948ರಲ್ಲಿ ಯಾರ ಹೆಸರಿಗಿತ್ತು, 1974ರಲ್ಲಿ ಯಾರ ಹೆಸರಿಗಿತ್ತು, ಈಗ ಯಾರ ಹೆಸರಿಗಿದೆ, ಉತ್ತವರು ಯಾರಿದ್ದರು ಎಂಬುದನ್ನು ಕಟ್ಟೆಯ ಮೇಲೆ ಗಟ್ಟಿಯಾಗಿ ಓದಲಿ. ಹಳೆಯ ಹಾಳೆಗಳು ಫಸಲಿ ಸಂವತ್ಸರದವು, ಉರ್ದುವಿನಲ್ಲಿಯೂ ಮೋಡಿಯಲ್ಲಿಯೂ ಇರುವಂಥವು. ಕಚೇರಿಯ ಗುಮಾಸ್ತರಿಗೆ ಅವು ಅರ್ಥವಾಗುವುದು ಕಷ್ಟ. ಮೋಡಿ ಬಲ್ಲವರನ್ನು ಎಲ್ಲಿಂದ ತರುತ್ತಾರೋ ತರಲಿ. ಉರ್ದುವಿಗೆ ಮಾತ್ರ ದೂರ ಹೋಗಬೇಕಾಗಿಲ್ಲ. ನಮ್ಮ ಊರುಗಳ ಓಣಿಗಳಲ್ಲಿ, ಮಗ ಕೂಲಿಗೆ ಹೋದಾಗ ಮನೆಯ ಮುಂದೆ ಕುಳಿತಿರುವ ಮುದುಕರಲ್ಲಿ, ಆ ಅಕ್ಷರ ಬಲ್ಲವರು ಇನ್ನೂ ಸಿಗುತ್ತಾರೆ.